ಮಗಳಿಗೊಂದು ಪತ್ರ: ನಮ್ಮ ಬೀದಿಯಲ್ಲಿ ಏನೇನು ಬದಲಾಯ್ತು

ಪ್ರೀತಿಯ ಪುಟ್ಟಿ,

ಮನೆ ಕಡೆ ಏನು ವಿಶೇಷ, ಏನಾದರೂ ಬದಲಾಗಿದೆಯಾ ಅಂತ ನೀನು ಕೇಳುತ್ತಲೇ ಇರುತ್ತೀಯ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಕೈಯಲ್ಲಿ ಚೀಲವಿಲ್ಲದೆ, ಯಾವ ಕೆಲಸವೂ ಇಲ್ಲದೆ, ನಿನ್ನ ಹಳೇ ಸ್ಕೂಲಿನ ದಾರಿ ಹಿಡಿದು ಅಲ್ಲಿಂದಾಚೆಗೂ ಸುಮ್ನೆ ನಡೆದುಕೊಂಡು ಹೋದೆ. ಗಾಡಿಯಲ್ಲಿ ಹೋದರೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಗಂಟೆಗೆ 4–5 ಕಿಲೋಮೀಟರ್ ವೇಗದಲ್ಲಿ ನಡೆಯುವವರಿಗೆ ಮಾತ್ರ ಗೋಡೆಯ ಬಿರುಕೂ ಕಾಣುತ್ತದೆ.

ಎಲ್ಲರೂ ಹೊಸ ಕಟ್ಟಡಗಳ ಬಗ್ಗೆಯೇ ಮಾತಾಡುತ್ತಾರೆ. ನಾನು ನೆಲ ನೋಡಿದೆ. ಮೂಲೆಮನೆಗೆ ಮೂರು ಮೆಟ್ಟಿಲು ಇದ್ದವು, ನೆನಪಿದೆಯಾ? ಮೇಲಿನ ಮೆಟ್ಟಿಲಿಂದ ರಸ್ತೆಗೆ ಜಿಗಿಯುತ್ತಿದ್ದೆ ನೀನು. ಈಗ ಒಂದೇ ಉಳಿದಿದೆ. ಮನೆ ಕುಸಿದಿಲ್ಲ, ರಸ್ತೆ ಮೇಲೆದ್ದಿದೆ. ಹಳೇ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಇನ್ನೊಂದು ಪದರ, ಕೆಲವು ವರ್ಷ ಬಿಟ್ಟು ಮತ್ತೊಂದು ಪದರ, ಹೀಗೆ ಹಾಕುತ್ತಾ ಹೋದರೆ ಮೆಟ್ಟಿಲುಗಳು ಒಂದೊಂದಾಗಿ ಒಳಗೆ ಸೇರಿಕೊಳ್ಳುತ್ತವೆ. ಮೊದಲು ಅಂಗಳದ ಮಳೆನೀರು ರಸ್ತೆಗೆ ಇಳಿಯುತ್ತಿತ್ತು, ಈಗ ರಸ್ತೆಯ ನೀರು ಗೇಟಿನೊಳಗೆ ಬರುತ್ತದೆ. ಅದನ್ನು ತಡೆಯಲು ಆ ಮನೆಯವರು ಬಾಗಿಲಿಗೆ ಅಡ್ಡ ಸಿಮೆಂಟಿನ ಸಣ್ಣ ದಿಂಡು ಕಟ್ಟಿಸಿದ್ದಾರೆ. ಆ ಮನೆಯ ಅಜ್ಜಿ ಅದನ್ನು ದಾಟಬೇಕಾದರೆ ಗೋಡೆ ಹಿಡಿದು, ಒಂದು ಕಾಲು ಎತ್ತಿಟ್ಟು, ಸ್ವಲ್ಪ ಹೊತ್ತು ನಿಂತು, ಆಮೇಲೆ ಇನ್ನೊಂದು ಕಾಲು ಎತ್ತುತ್ತಾರೆ. ಹೊಸ ಡಾಂಬರು ಬಿದ್ದ ದಿನ ಬೀದಿಗೆಲ್ಲ ಖುಷಿ. ಅದರ ಬೆಲೆ ತೆರುತ್ತಿರುವವರು ಆ ಅಜ್ಜಿ.

ಮುಂದೆ ದೊಡ್ಡ ಮರ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಯಾರೋ ಅದಕ್ಕೆ ತಗಡಿನ ಬೋರ್ಡು ಹೊಡೆದಿದ್ದರು, ಸರಿಯಾಗಿ ನಿನ್ನ ತಲೆಯೆತ್ತರಕ್ಕೆ. ಮರ ಬೆಳೆದ ಹಾಗೆ ಬೋರ್ಡೂ ಮೇಲೆ ಹೋಗುತ್ತಾ ಅಂತ ನೀನು ಕೇಳಿದ್ದೆ. ಹೋಗಿಲ್ಲ ಪುಟ್ಟಿ. ಮರ ಎತ್ತರಕ್ಕೆ ಬೆಳೆಯುವುದು ಕೊಂಬೆಗಳ ತುದಿಯಲ್ಲಿ, ಕೆಳಗೆ ಕಾಂಡ ದಪ್ಪ ಆಗುತ್ತದೆ ಅಷ್ಟೇ. ಹಾಗಾಗಿ ಮೊಳೆ ಹೊಡೆದ ಜಾಗದಲ್ಲೇ ಇದೆ, ಫುಟ್‌ಪಾತ್ ಎತ್ತರಿಸಿರುವುದರಿಂದ ಇನ್ನೂ ಕೆಳಗಿದ್ದ ಹಾಗೆ ಕಾಣುತ್ತದೆ. ತೊಗಟೆ ನಾಲ್ಕೂ ಕಡೆಯಿಂದ ಉಬ್ಬಿ ಬಂದು ತಗಡಿನ ಅಂಚನ್ನು ನುಂಗಿಬಿಟ್ಟಿದೆ. ನಡುವೆ ಅಂಗೈಯಗಲ ಉಳಿದಿದೆ, ಅದರಲ್ಲಿ ಎರಡೇ ಅಕ್ಷರ. ಬೆರಳಿಟ್ಟು ನೋಡಿದೆ, ತೊಗಟೆಯ ಅಂಚು ತುಟಿಯ ಹಾಗೆ ದುಂಡಗಿತ್ತು.

ಆ ಮರದ ಬಗ್ಗೆ ನನಗೆ ಚಿಂತೆಯಾಗಿದೆ. ಬುಡಕ್ಕೆ ಒತ್ತಿ ಸಿಮೆಂಟು ಹಾಕಿದ್ದಾರೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ, ಅವಕ್ಕೆ ನೀರಿನ ಜೊತೆ ಗಾಳಿಯೂ ಬೇಕು. ಒಂದು ಕಡೆಯ ಕೊಂಬೆ ಆಗಲೇ ಒಣಗಿದೆ. ಬುಡದ ಸುತ್ತ ಸಿಮೆಂಟು ಒಡೆದು ಮಣ್ಣು ಬಿಡಿ ಅಂತ ಅರ್ಜಿ ಬರೆದಿಟ್ಟಿದ್ದೇನೆ, ನಾಳೆ ಕೊಡುತ್ತೇನೆ.

ಬೀದಿದೀಪ ಬದಲಾಗಿದ್ದು ಮಾತ್ರ ಒಳ್ಳೆಯದೇ. ಹಳೇ ಸೋಡಿಯಂ ದೀಪದ ಹಳದಿ ಬೆಳಕಲ್ಲಿ ನಿನ್ನ ಕೆಂಪು ಸೈಕಲ್ ಕಂದು ಬಣ್ಣ ಕಾಣುತ್ತಿತ್ತು ಅಲ್ವಾ? ಈಗಿನ ಎಲ್‌ಇಡಿಯಲ್ಲಿ ಬಣ್ಣ ಸರಿಯಾಗಿ ಕಾಣುತ್ತದೆ, ಕರೆಂಟೂ ಕಮ್ಮಿ. ಮಲಗುವ ಕೋಣೆಗೆ ಪರದೆ ಮಾತ್ರ ದಪ್ಪದ್ದು ಬೇಕು.

ಸ್ಕೂಲು ದಾಟಿದ ಮೇಲೆ ಮೋಟುಗೋಡೆಯ ಮೇಲೆ ಯಾರೂ ಕೂತಿರಲಿಲ್ಲ. ಮಕ್ಕಳೂ ಇಲ್ಲ. ಆ ಬೀದಿಯನ್ನು ಈಗ ಮುಖ್ಯರಸ್ತೆಯ ಅಡ್ಡದಾರಿ ಮಾಡಿಕೊಂಡಿದ್ದಾರೆ, ಗಾಡಿಗಳು ನಿಲ್ಲುವುದೇ ಇಲ್ಲ. 1969ರಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸ ತಜ್ಞರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿ ನೋಡಿದ್ದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ವಾಹನ ಕಮ್ಮಿ ಇದ್ದ ಕಡೆ ಒಬ್ಬೊಬ್ಬರಿಗೂ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರಿದ್ದರು, ತೀರಾ ಜಾಸ್ತಿ ಇದ್ದ ಕಡೆ ಒಬ್ಬರೂ ಪೂರ್ತಿ ಇಲ್ಲ. ನಿಮ್ಮ ಜಾಗ ಎಲ್ಲಿಯವರೆಗೆ ಅಂತ ಕೇಳಿದರೆ ಮೊದಲಿನವರು ಇಡೀ ಬೀದಿ ತೋರಿಸಿದರು, ಕೊನೆಯವರು ತಮ್ಮ ಮನೆಯೊಳಗನ್ನು ಮಾತ್ರ. ನೀನು ಬೆಳೆದಿದ್ದು ಮೊದಲನೇ ತರದ ಬೀದಿಯಲ್ಲಿ. ಅದೇ ಬೀದಿಯಲ್ಲಿ ಈಗ ಬೆಳೆಯುತ್ತಿರುವ ಮಗುವಿಗೆ ಅಲ್ಲಿ ಆಟ ಆಡುತ್ತಿದ್ದರು ಅನ್ನುವುದೇ ಗೊತ್ತಿಲ್ಲ.

ನನ್ನನ್ನು ತುಂಬ ಕಾಡುವುದು ಇದೇ. ಡೇನಿಯಲ್ ಪಾಲಿ ಎಂಬ ವಿಜ್ಞಾನಿ 1995ರಲ್ಲಿ ಮೀನುಗಾರಿಕೆಯ ಬಗ್ಗೆ ಬರೆಯುತ್ತಾ ಈ ಮಾತು ಹೇಳಿದ್ದರು: ಒಂದೊಂದು ತಲೆಮಾರಿನ ಮೀನುಗಾರಿಕೆ ವಿಜ್ಞಾನಿಗಳೂ ತಾವು ಕೆಲಸ ಶುರು ಮಾಡಿದಾಗ ಸಮುದ್ರದಲ್ಲಿ ಎಷ್ಟು ಮೀನಿತ್ತೋ ಅದನ್ನೇ ಸರಿಯಾದ ಲೆಕ್ಕ ಅಂದುಕೊಳ್ಳುತ್ತಾರೆ, ಅದಕ್ಕಿಂತ ಹಿಂದೆ ಏನು ಕಳೆದುಹೋಯಿತೋ ಅದು ಲೆಕ್ಕಕ್ಕೇ ಬರುವುದಿಲ್ಲ. ಬೀದಿಯೂ ಹಾಗೇ. ಮೂರು ಮೆಟ್ಟಿಲು ನೋಡಿದವರು ಹೇಳದಿದ್ದರೆ ಒಂದು ಮೆಟ್ಟಿಲೇ ಮೊದಲಿನಿಂದ ಇತ್ತು ಅಂತಾಗುತ್ತದೆ. ಅದಕ್ಕೇ ಇಷ್ಟೆಲ್ಲ ಬರೆದೆ.

ನೀನಿರುವ ಜಾಗ ನಿನಗಿನ್ನೂ ಹೊಸದು, ಎಲ್ಲವೂ ಕಣ್ಣಿಗೆ ಬೀಳುವ ಕಾಲ ಇದು. ರಜೆಯ ದಿನ ಬೆಳಕಿರುವಾಗಲೇ ಹೊರಡು, ಫೋನು ಚೀಲದಲ್ಲಿರಲಿ. ಯಾವ ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗಿದೆ, ಯಾವ ಮರದ ಬುಡಕ್ಕೆ ಮಣ್ಣಿದೆ, ಬೀದಿಯಲ್ಲಿ ಯಾರು ಯಾರ ಜೊತೆ ನಿಂತು ಮಾತಾಡುತ್ತಾರೆ, ನೋಡಿ ನನಗೆ ಬರೆ. ಹೆಸರು ಗೊತ್ತಿಲ್ಲದ ಮರವಿದ್ದರೆ ಎಲೆಯ ಫೋಟೋ ಕಳಿಸು, ಅಪ್ಪನಿಗೆ ತೋರಿಸುತ್ತೇನೆ.

ನಿನ್ನ,
ಅಮ್ಮ