ಗೆಳೆಯನಿಗೊಂದು ಪತ್ರ: ನನಗ ಹೊಸಾ ನೌಕರಿ ಸಿಕ್ಕೈತಿ

ದೋಸ್ತಾ,

ಫೋನ್ ಮಾಡಿದ್ರ ಎತ್ತೂದಿಲ್ಲ, ಮೆಸೇಜ್ ಹಾಕಿದ್ರ ಹೆಬ್ಬೆಟ್ಟು ಒತ್ತಿ ಸುಮ್ಮನಾಗತಿ. ಅದಕ್ಕ ಈ ಸಲ ಮಂದಿ ನಡುವ ನಿಂತು ಬರ್ಯಾಕತ್ತೀನಿ, ಓದಿಲ್ಲ ಅನ್ನಾಕ ಬರಬಾರದು ನೋಡು ನಿನಗ. ಉಳಿದವರೂ ಓದ್ರಿ, ಅಡ್ಡಿ ಇಲ್ಲ. ಮೊಸರಿನ ಡಬ್ಬಿ ಏನಾತು ಅಂತ ಮಾತ್ರ ಯಾರೂ ಕೇಳಬ್ಯಾಡ್ರಿ.

ಸುದ್ದಿ ಏನಂದ್ರ, ನನಗ ಹೊಸಾ ನೌಕರಿ ಸಿಕ್ಕೈತಿ. ಬಾಗಲಕೋಟಿ ನವನಗರದ ಅದೇ ಆಫೀಸು, ಅದೇ ಖುರ್ಚಿ, ಸ್ಪೇಸ್ ಬಾರ್ ಒಮ್ಮೆ ಒತ್ತಿದ್ರ ಎರಡು ಸಲ ಬೀಳೋ ಅದೇ ಕೀಬೋರ್ಡು. ಯಾವ ಆಫೀಸು ಅಂತ ನಿನಗ ಗೊತ್ತೈತಿ, ಬ್ಯಾರೆಯವರಿಗೆ ಗೊತ್ತಾಗೂದು ಬ್ಯಾಡ, ನನ್ನ ಫಾರ್ಮ್ ಇನ್ನೂ ಅವರ ಟೇಬಲ್ ಮ್ಯಾಲೆ ಐತಿ. ಆಫೀಸಿಗೆ ನಮ್ಮಂಥ ಗುತ್ತಿಗಿ ಮಂದಿನ್ನ ಒದಗಿಸೋ ಏಜೆನ್ಸಿ ಬದಲಾತಪಾ, ಅಷ್ಟ. ತಿಂಗಳ ಕಡೀ ದಿನ ಸಂಜೀಕ ಹಳೇ ಏಜೆನ್ಸಿ ಹುಡುಗ ಆಗಿ ಕಂಪ್ಯೂಟರ್ ಬಂದ್ ಮಾಡಿದೆ, ಮರುದಿನ ಮುಂಜಾನಿ ಹೊಸಾ ಏಜೆನ್ಸಿ ಹುಡುಗ ಆಗಿ ಚಾಲೂ ಮಾಡಿದೆ. ಅರ್ಧಾ ಟೈಪ್ ಮಾಡಿ ಬಿಟ್ಟಿದ್ದ ಪತ್ರ ಅಲ್ಲೇ ಇತ್ತು, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅನ್ನೋತನಕ. ಮುಂದುವರಿಸಿದೆ.

ನಿಮ್ಮ ಕಂಪನಿ ಕೈ ಬದಲಾದಾಗ ನೀ ಕೇಕಿನ ಫೋಟೋ ಹಾಕಿದ್ದಿ. ನಮಗ ಸಿಕ್ಕದ್ದು ಅರ್ಜಿ ಫಾರ್ಮ್. ಹೊಸಾ ಏಜೆನ್ಸಿ ಕಡಿಂದ ಒಬ್ಬ ಹುಡುಗ ಬಂದಿದ್ದ, ಮೀಸಿ ಇನ್ನೂ ಪೂರಾ ಬಂದಿಲ್ಲ. ಆಧಾರ್, ಪ್ಯಾನ್, ಪಾಸ್‌ಬುಕ್ ಝೆರಾಕ್ಸು, ಎರಡು ಫೋಟೋ ಅಂದ. ಫಾರ್ಮಿನ್ಯಾಗ ‘ಪೂರ್ವಾನುಭವ’ ಅಂತ ಒಂದು ಕಾಲಂ. ಏನ್ ಬರೀಲ್ರೀ ಅಂತ ಕೇಳಿದೆ. ಮಾರಿ ಎತ್ತಲಾರದ ಹೇಳಿದ: “ನಮ್ಮ ಏಜೆನ್ಸಿದಾಗ ಮಾಡಿಲ್ಲಲ್ರೀ, ಸೊನ್ನಿ ಹಾಕ್ರಿ.” ಅಂವಾ ಕುಂತಿದ್ದ ಖುರ್ಚಿ ಬೇಡಿಕಿ ಪತ್ರ ಹಾಕಿ ತರಿಸಿದಂವಾ ನಾನು. ಆದ್ರೂ ಸೊನ್ನಿ ಹಾಕಿದೆ, ಚೆಂದಾಗಿ ದುಂಡಗ ಬರದೆ. ಗಣಿತ ಮಾಸ್ತರು ಇದ್ದಿದ್ರ ನಿನಗ ಹೊಡದಂಗ ನನಗ ಹೊಡೀತಿರಲಿಲ್ಲ.

ಇದು ಹೆಂಗ ನಡೀತೈತಿ ಅಂತ ನಿಮ್ಮಂಥ ದೊಡ್ಡ ಕಂಪನಿ ಮಂದಿಗೆ ಗೊತ್ತಿರೂದಿಲ್ಲ, ಕೇಳು. ನಮ್ಮ ಪಗಾರ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ. ಅದರಾಗ ಕಡಿಮಿ ಹಾಕಿ ಟೆಂಡರ್ ಗೆಲ್ಲಾಕ ಬರೂದಿಲ್ಲ. ಹಂಗಾಗಿ ಏಜೆನ್ಸಿಗಳ ಪೈಪೋಟಿ ಎಲ್ಲಾ ತಾವು ತಗೊಳ್ಳೋ ಸೇವಾ ಶುಲ್ಕದ ಮ್ಯಾಲೆ. ಯಾರು ಎಲ್ಲಾರಕಿಂತ ಕಡಿಮಿ ಹಾಕತಾನ, ಅವಂಗ ನಾವು. ಅಷ್ಟು ಕಡಿಮಿಗೆ ಹೆಂಗ ಗಿಟ್ಟತೈತಿ ಅಂತ ಮೊದಲ ಕೇಳತಿದ್ದೆ, ಈಗ ಕೇಳೂದಿಲ್ಲ. ಡ್ರೆಸ್ಸಿನ ರೊಕ್ಕ, ಐಡಿ ಕಾರ್ಡಿನ ರೊಕ್ಕ ಅಂತ ಮೊದಲ ತಿಂಗಳಿಂದಲೇ ಪಗಾರದಾಗ ಕಡಿತ ಚಾಲೂ. ಟೆಂಡರ್ ಕಾಗದದಾಗ ‘ಈಗಿರುವ ಸಿಬ್ಬಂದಿಯನ್ನೇ ಮುಂದುವರಿಸತಕ್ಕದ್ದು’ ಅಂತ ಒಂದು ಸಾಲು ಇದ್ರ ನಾವು ಉಳದೀವಿ. ಇಲ್ಲಂದ್ರ ಬಂದವನ ಮರ್ಜಿ. ನಮ್ಮದರಾಗ ಆ ಸಾಲು ಇರಲಿಲ್ಲ. ಟೈಪ್ ಮಾಡಿದವರು ಯಾರು ಅಂತ ಕೇಳಬ್ಯಾಡ. ನಾನಲ್ಲ, ಬಾಜೂ ಸೆಕ್ಷನ್ನು.

ಹಳೇ ಏಜೆನ್ಸಿ ಕಡೆ ಎರಡು ತಿಂಗಳ ಪಗಾರ ಬರೂದೈತಿ. ಅವರಿಗೆ ಕೇಳಿದ್ರ “ಬಿಲ್ ಪಾಸ್ ಆಗಿಲ್ಲ”, ಆಫೀಸಿನ್ಯಾಗ ಕೇಳಿದ್ರ “ಏಜೆನ್ಸಿಗೆ ಕೇಳ್ರಿ”. ಗುತ್ತಿಗೆದಾರ ಪಗಾರ ಕೊಡದಿದ್ರ ಕೆಲಸಾ ಮಾಡಿಸಿಕೊಂಡ ಮುಖ್ಯ ಮಾಲಕನೇ ಕೊಟ್ಟು ಆಮ್ಯಾಲೆ ಅವನ ಕಡಿಂದ ವಸೂಲಿ ಮಾಡ್ಕೋಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಾಗೇ ಇತ್ತು, 2025ರ ನವೆಂಬರ್ 21ಕ್ಕ ಜಾರಿ ಆದ ಹೊಸಾ ಕಾರ್ಮಿಕ ಸಂಹಿತೆಗಳಾಗೂ ಐತಿ. ನಾನೇ ಪ್ರಿಂಟ್ ತಗದು ಫೈಲಿನ್ಯಾಗ ಇಟ್ಟೀನಿ. ಸಾಹೇಬರ ಮುಂದ ಇಡೂ ಧೈರ್ಯ ಮಾತ್ರ ಪ್ರಿಂಟರಿನ್ಯಾಗ ಬರಲಿಲ್ಲ.

ನನ್ನ ನೆನಪಿಟ್ಟದ್ದು ಅಂದ್ರ ಪಿಎಫ್ (ಭವಿಷ್ಯ ನಿಧಿ) ಒಂದೇ. ಯುಎಎನ್ ಅನ್ನೋ ಆ ಹನ್ನೆರಡು ಅಂಕಿ ಪಿಎಫ್ ನಂಬರ್ ಬದಲಾಗೂದಿಲ್ಲ, ಅದರ ಕೆಳಗ ಏಜೆನ್ಸಿಗೊಂದು ಮೆಂಬರ್ ಐಡಿ ಸೇರ್ಕೋತ ಹೋಗತೈತಿ. ಹಳೇದರ ರೊಕ್ಕ ಹೊಸದಕ್ಕ ವರ್ಗಾ ಆಗಬೇಕಂದ್ರ ಹಳೇ ಏಜೆನ್ಸಿ ನಾವು ಬಿಟ್ಟ ದಿನಾಂಕ ಹಾಕಬೇಕು. ಟೆಂಡರ್ ಹೋದ ಮ್ಯಾಲೆ ಅವರು ಯಾಕ ಫೋನ್ ಎತ್ತತಾರ? ಕಡೀ ಸಲ ರೊಕ್ಕ ಜಮಾ ಆಗಿ ಎರಡು ತಿಂಗಳು ಕಳದ್ರ ನಾವೇ ಹಾಕ್ಕೋಬಹುದು ಅಂತ ಎಷ್ಟು ಮಂದಿಗೆ ಗೊತ್ತು? ಕಸಾ ಹೊಡಿಯೋ ಅಕ್ಕಗೋಳು ಏಜೆನ್ಸಿ ಬದಲಾದಾಗೊಮ್ಮೆ ಪಿಂಚಣಿ ಪಾಲೂ ಸೇರಿಸಿ ಎಲ್ಲಾ ತಗದು ಮಕ್ಕಳ ಫೀ ಕಟ್ಟಿಬಿಡತಾರ. ಪಿಂಚಣಿಗೆ ಬೇಕಾದ 10 ವರ್ಷದ ಸೇವಾ ಅಲ್ಲಿಗೆ ಖಲಾಸ್, ಮತ್ತ ಒಂದರಿಂದ ಎಣಸಬೇಕು. ತಗೀಬ್ಯಾಡ್ರಿ ಅಂತ ನಾ ಹೇಳತೀನಿ. ಫೀ ನೀವು ಕಟ್ಟತೀರೇನು ಅಂತ ಅವರು ಕೇಳತಾರ. ಅಲ್ಲಿಗೆ ನನ್ನ ಜ್ಞಾನ ಮುಗೀತೈತಿ.

ಇಲ್ಲಿತನಕ ಬರಿಬೇಕಂದದ್ದು. ಇನ್ನೊಂದು ಐತಿ.

ಗೇಟ್ ಕಾಯೋ ಕಾಕಾ ನೆನಪಿದ್ದಾನೇನು? ನೀ ಬಂದಾಗ ನಿನ್ನ ಗಾಡಿ ಒಳಗ ಬಿಡಲಿಲ್ಲಲ್ಲ, ಅಂವಾ. ಹೊಸಾ ಏಜೆನ್ಸಿ ಪಟ್ಟಿ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿತು. ನಾ ನನ್ನ ಹೆಸರು ಹುಡುಕಿದೆ. ಇತ್ತು. ಕ್ಯಾಂಟೀನಿಗೆ ಹೋಗಿ ಚಹಾ ಕುಡದೆ, ಮಿರ್ಚಿನೂ ತಿಂದೆ. ಆಮ್ಯಾಲೆ ಯಾರೋ ಹೇಳಿದ್ರು, ಕಾಕಾನ ಹೆಸರಿಲ್ಲ, ಐವತ್ತೈದು ದಾಟಿದವರು ಬ್ಯಾಡಂತ. ಆಗ ನನ್ನ ಮನಸ್ಸಿನ್ಯಾಗ ಮೊದಲ ಬಂದದ್ದು ಕಾಕಾನ ಮಾರಿ ಅಲ್ಲಲೇ. ‘ಎಲ್ಲಾರನ್ನೂ ತಗೊಂಡಿಲ್ಲ ಅಂದ್ರ ನನ್ನ ಆರಿಸಿ ತಗೊಂಡಾರ’ ಅಂತ ಬಂತು. ಖರೇನ ಎದಿ ಒಂದೀಟು ಉಬ್ಬಿತು. ಅರ್ಜಿಯಾಗ ಸೊನ್ನಿ ಬರಸಿಕೊಂಡ ಆ ಹುಡುಗಗ “ಥ್ಯಾಂಕ್ಸ್ ಸರ್” ಅಂತ ಮೆಸೇಜ್ ಹಾಕಿದೆ. ಸರ್ ಅಂತಲೇ. ಇಷ್ಟು ವರ್ಷ ನಾ ಕಂಪ್ಯೂಟರ್ ಆಪರೇಟರ್, ಅವರೆಲ್ಲಾ ಬ್ಯಾರೆ ಅಂತ ಒಳಗೊಳಗ ಅನ್ಕೊಂಡು ಬಂದಂವಾ ನಾನು. ಝೆರಾಕ್ಸ್ ಹಿಡಕೊಂಡು ಒಂದೇ ಸಾಲಿನ್ಯಾಗ ನಿಂತಾಗೂ ಆ ಸೊಕ್ಕು ಇಳಿದಿರಲಿಲ್ಲ.

ಮರುದಿನ ಕಾಕಾ ಸೀರಿ ಅಂಗಡಿ ಪ್ಲಾಸ್ಟಿಕ್ ಚೀಲ ತಂದು ನನ್ನ ಟೇಬಲ್ ಮ್ಯಾಲೆ ಸುರುವಿದ. ನಾಲ್ಕು ಏಜೆನ್ಸಿ ಐಡಿ ಕಾರ್ಡು, ನಾಲ್ಕು ಬಣ್ಣದ ಪಟ್ಟಿ. ಮೊದಲನೇದರಾಗ ತಲಿ ತುಂಬ ಕರೀ ಕೂದಲು. ಅವುಗಳ ಕೂಡ ಆಲಮಟ್ಟಿ ಹಿನ್ನೀರಿನ್ಯಾಗ ಮನಿ ಹೋದಾಗ ಸರ್ಕಾರ ಕೊಟ್ಟ ಮುಳುಗಡಿ ಪ್ರಮಾಣಪತ್ರ, ಲ್ಯಾಮಿನೇಶನ್ ಮಾಡಿಸಿದ್ದು. “ಸಾಹೇಬ್ರ, ಇವನ್ನೆಲ್ಲಾ ಹೊಳ್ಳಿ ಕೊಡಬೇಕೇನ್ರಿ?” ಅಂತ ಕೇಳಿದ. ಮನಿ ನೀರಾಗ ಹೋದದ್ದಕ್ಕ ಅವನ ಕಡೆ ಕಾಗದ ಐತಿ, 12 ವರ್ಷ ಗೇಟ್ ಕಾಯ್ದದ್ದಕ್ಕ ಇಲ್ಲ.

ಅಂವಾ ಹೋದಮ್ಯಾಲೆ ಎಕ್ಸೆಲ್ ತಗದು ಕುಂತೆ. ಗ್ರಾಚುಟಿ, ಅಂದ್ರ ನೌಕರಿ ಬಿಟ್ಟಾಗ ಮಾಲಕ ಕೊಡೋ ಇಡಿಗಂಟು, ಅದರ ಲೆಕ್ಕ ಸರಳ ಐತಿ. ಕಡೀ ತಿಂಗಳ ಮೂಲ ಪಗಾರ, ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸು, 15ರಿಂದ ಗುಣಿಸು, ದುಡದ ವರ್ಷದಿಂದ ಗುಣಿಸು. 13,000 ಹಿಡದ್ರ ವರ್ಷಕ್ಕ 7,500, 12 ವರ್ಷಕ್ಕ 90,000 ರೂಪಾಯಿ. ಆದ್ರ ಒಬ್ಬ ಮಾಲಕನ ಕಡೆ 5 ವರ್ಷ ಬಿಡದಂಗ ದುಡದಿರಬೇಕು ಅಂತ 1972ರ ಕಾಯ್ದೆಯಿಂದ ಬಂದ ಷರತ್ತು. ಕಾಕಾ ಗೇಟ್ ಬಿಟ್ಟು ಅಲುಗಾಡಿಲ್ಲ, ಮಾಲಕರೇ ಒಬ್ಬರ ಹಿಂದ ಒಬ್ಬರು ಬದಲಾದ್ರು, ಯಾರ ಕಡೆನೂ ಐದು ತುಂಬಲಿಲ್ಲ. ನಿಗದಿತ ಅವಧಿಗೆ ನೇಮಕ ಆದವರಿಗೆ ಒಂದು ವರ್ಷಕ್ಕೇ ಗ್ರಾಚುಟಿ ಅಂತ ಹೊಸಾ ಸಂಹಿತೆಗಳಾಗ ಐತಿ. ಅದನ್ನ ಕೇಳಬೇಕಂದ್ರ ಮೊದಲ ನೇಮಕಾತಿ ಪತ್ರ ಕೈಯಾಗ ಇರಬೇಕಲ್ಲ. ಆ ಫೈಲ್ ಸೇವ್ ಮಾಡಬೇಕೋ ಬ್ಯಾಡೋ ಅಂತ ಕಂಪ್ಯೂಟರ್ ಕೇಳಿತು. ‘ಬ್ಯಾಡ’ ಒತ್ತಿದೆ, ಯಾಕಂತ ಗೊತ್ತಿಲ್ಲ.

ಮನ್ಯಾಗ ಇನ್ನೂ ಪೂರಾ ಬಿಡಿಸಿ ಹೇಳಿಲ್ಲ. ತಂಗಿ ಸಂಬಂಧ ನೋಡಾಕತ್ತೀವಿ, ಬಂದವರು “ಅಣ್ಣ ಖಾಯಂ ಏನ್ರಿ?” ಅಂತ ಮೊದಲ ಅದನ್ನ ಕೇಳತಾರ. ಸೋದರಮಾವ ನನಗಿಂತ ಮೊದಲ “ಆಗೋದರಾಗ ಅದಾನ” ಅಂತ ಅಂದುಬಿಡತಾನ. ತಾತ್ಪೂರ್ತಿಕ ಕೆಲಸಾ ಮಾಡಿದವರಿಗೆ ಖಾಯಂ ಮಾಡ್ರಿ ಅಂತ ಕೇಳೂ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಾಗ ಉಮಾದೇವಿ ಕೇಸಿನ್ಯಾಗ ಹೇಳೈತಿ, ಅದೂ ನಮ್ಮ ಕರ್ನಾಟಕದ್ದೇ ಕೇಸು ಅಂತ ಮಾವಗ ಹೆಂಗ ತಿಳಿಸಿ ಹೇಳೂದು? ಅವಂಗ ಗೊತ್ತಿರೂ ಉಮಾದೇವಿ ಒಬ್ಬಾಕಿನೇ, ಅವನ ಬೀಗತಿ.

ಇರ್ಲಿ ಬಿಡು. ಇಷ್ಟೆಲ್ಲಾ ಬರೀಬೇಕಂತ ಇರಲಿಲ್ಲ, ಕೀಬೋರ್ಡ್ ಸಿಕ್ಕಿತು, ಬರೀತು. ಹೊಸಾ ಐಡಿ ಕಾರ್ಡ್ ಬಂದೈತಿ. ಫೋಟೋದಾಗ ಥೇಟ್ ಬಸ್‌ಸ್ಟ್ಯಾಂಡ್ ಗೋಡಿಗೆ ಹಚ್ಚಿದ ಕಿಸೆಗಳ್ಳ. ಹುದ್ದೆ ಇರೋ ಜಾಗಾದಾಗ ದಪ್ಪ ಅಕ್ಷರದಾಗ ‘ಮ್ಯಾನ್‌ಪವರ್’ ಅಂತ ಹೊಡದಾರ. ಜಿಮ್ಮಿಗೆ ಸೇರಿಯೇನಣ್ಣ ಅಂತ ತಂಗಿ ಕೇಳಿದ್ಲು. ನೀನೂ ನಗು, ಆದ್ರ ಅಳೋ ಮಾರಿ ಚಿತ್ರ ಮಾತ್ರ ಇಲ್ಲಿ ಹಾಕಬ್ಯಾಡ, ಮಾವ ಎಲ್ಲಾ ನೋಡತಾನ.

ಹೋಳಿ ಹಬ್ಬಕ್ಕ ಬರತಿ ಹೌದಿಲ್ಲೋ? ನಾ ರಜಾ ಕೇಳಿದೆ, “ಹೊಸಬರಿಗೆ ಇಷ್ಟು ಲಗೂ ರಜಾ ಕೊಡಾಕ ಬರೂದಿಲ್ರಿ” ಅಂದ ಆ ಹುಡುಗ. ಊರಾಗ ಹಲಗಿ ಬಾರಸಾಕ ಹತ್ತಿದಮ್ಯಾಲೆ ನಾ ಒಳಗ ಟೈಪ್ ಮಾಡ್ಕೋತ ಕುಂದರೂ ಮಗಾ ಅಲ್ಲ. ನೀ ಬಣ್ಣದ ಬಂಡಿ ಸೀದಾ ಆಫೀಸಿನ ಒಳಗೇ ಹೊಡಕೊಂಡು ಬಾ, ಈ ಸಲ ಯಾರೂ ತಡಿಯೂದಿಲ್ಲ. ಗೇಟಿಗೆ ಇನ್ನೂ ಮಂದಿ ಕೊಟ್ಟಿಲ್ಲ ಅವರು.

ನಿನ್ನ ದೋಸ್ತ