ಚರ್ಚಿನ ಪ್ರಸಂಗವನ್ನು ಎಐಯಿಂದ ಬರೆಸುವುದು ಬೇಡ

ಸಂಪಾದಕರಿಗೆ ನಮಸ್ಕಾರ.

ಚರ್ಚುಗಳಲ್ಲಿ ಕೃತಕ ಬುದ್ಧಿಮತ್ತೆಯ (ಎಐ) ಬಳಕೆ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ನಾನು ಮಂಗಳೂರಿನ ಪ್ರೊಟೆಸ್ಟೆಂಟ್ ಸಭೆಯವಳು (ಒಂದು ಚರ್ಚಿಗೆ ಸೇರಿದ ಜನರನ್ನು ನಾವು ಸಭೆ ಎನ್ನುತ್ತೇವೆ). ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಕಾಯಿಲೆಯವರ ಮನೆಗಳಿಗೂ ಹೋಗಿ ಬರುತ್ತೇನೆ.

ಹೊಸ ಯಂತ್ರ ಕಂಡರೆ ನಮ್ಮವರಿಗೆ ಭಯವೇನೂ ಇಲ್ಲ. 1843ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ಇದೇ ಊರಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ತಂದರು. ಕನ್ನಡ ಪತ್ರಿಕೆ ಶುರುವಾದದ್ದೇ ಅಲ್ಲಿಂದ. ಕಿವಿ ಕೇಳಿಸದ ಹಿರಿಯರಿಗೆ ಪ್ರಸಂಗದ, ಅಂದರೆ ಆರಾಧನೆಯಲ್ಲಿ ಸಭಾಪಾಲಕರು (ಪಾಸ್ಟರ್) ಮಾಡುವ ಬೋಧನೆಯ, ಮಾತುಗಳನ್ನು ಅಲ್ಲಲ್ಲೇ ಅಕ್ಷರ ಮಾಡಿ ಫೋನಿನಲ್ಲಿ ತೋರಿಸಲು ಎಐ ಬಳಸಿದರೆ ಎಲ್ಲರಿಗಿಂತ ಮೊದಲು ಸಂತೋಷಪಡುವವಳು ನಾನೇ. ನನ್ನ ತಕರಾರು ಪ್ರಸಂಗವನ್ನೇ ಅದರಿಂದ ಬರೆಸುವುದಕ್ಕೆ.

2023ರ ಜೂನ್‌ನಲ್ಲಿ ಜರ್ಮನಿಯ ಫ್ಯೂರ್ಟ್ ಊರಿನ ಸೇಂಟ್ ಪೌಲ್ ಚರ್ಚಿನಲ್ಲಿ ಇದನ್ನು ಮಾಡಿ ನೋಡಿದರು. ಸುಮಾರು 40 ನಿಮಿಷದ ಆರಾಧನೆ. ಅದರ ಬಹುಪಾಲು ಚಾಟ್‌ಜಿಪಿಟಿಯಿಂದ ಬಂದದ್ದು. ಪರದೆಯ ಮೇಲಿನ ಕಂಪ್ಯೂಟರ್ ಮುಖಗಳು ಅದನ್ನು ಓದಿದವು. ಮುನ್ನೂರಕ್ಕೂ ಜಾಸ್ತಿ ಜನ ಸೇರಿದ್ದರು. ಇದಕ್ಕೆ ಹೃದಯವೇ ಇಲ್ಲ ಎಂದು ಅವರಲ್ಲೊಬ್ಬರು ಪತ್ರಕರ್ತರಿಗೆ ಹೇಳಿದರು. ಆದರೆ ಅಲ್ಲಿ ಮುಚ್ಚುಮರೆ ಇರಲಿಲ್ಲ. ಮಾತಾಡುತ್ತಿರುವುದು ಯಂತ್ರ ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮಲ್ಲಿ ಹಾಗಲ್ಲ. ಒಂದು ಸಾವಿನ ಮನೆಯಲ್ಲಿ ನಾನೇ ಇದ್ದೆ. ತೀರಿಹೋದವರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿ. ದೊಡ್ಡ ಮಗನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವನು ಪೆಟ್ಟಿಗೆಯ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ. ಸಭಾಪಾಲಕರು ಫೋನ್ ನೋಡಿ ಓದಿದ ಸಂದೇಶದಲ್ಲಿ ತಪ್ಪೇನೂ ಇರಲಿಲ್ಲ. ಯಾರ ಸಾವಿಗಾದರೂ ಅದನ್ನೇ ಓದಬಹುದಿತ್ತು. ಬೀಡಿಯ ಸುದ್ದಿ ಇಲ್ಲ, ಆ ಮಗನಿಗೆ ಬೇಕಿದ್ದ ಕ್ಷಮೆಯ ಒಂದು ಮಾತೂ ಇಲ್ಲ. ಸಮಯ ಸಿಗಲಿಲ್ಲಮ್ಮ, ಎಐ ಹತ್ತಿರ ಕೇಳಿ ತೆಗೆದೆ ಎಂದು ಆಮೇಲೆ ಅವರೇ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರ ತಲೆಗೆ ಎರಡು ಮೂರು ಸಭೆ ಕಟ್ಟಿ, ಮೇಲೆ ಕಟ್ಟಡ ಸಮಿತಿ, ಲೆಕ್ಕಪತ್ರ, ಶಾಲೆಯ ತಕರಾರು ಅಂತ ಓಡಾಡಿಸಿದರೆ ಅವರಾದರೂ ಏನು ಮಾಡಬೇಕು?

ಬೋಧಕರಾದವರಿಗೆ ಹೆಚ್ಚು ಕಠಿಣ ತೀರ್ಪು ಕಾದಿದೆ ಎಂದು ಬೈಬಲಿನ ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ಎಚ್ಚರಿಸುತ್ತದೆ. ಅಂದರೆ ಪ್ರಸಂಗಪೀಠದಲ್ಲಿ ಆಡಿದ ಮಾತಿಗೆ ದೇವರ ಮುಂದೆ ಲೆಕ್ಕ ಕೊಡುವವರು ಇರಬೇಕು. ಯಂತ್ರ ಆ ಲೆಕ್ಕ ಕೊಡುತ್ತದೆಯೇ? ಸಾವಿನ ಮನೆಯಲ್ಲಿ ರಾತ್ರಿ ಕೂರುತ್ತದೆಯೇ?

ಎಐ ಬಗ್ಗೆ ಸಭೆಯಲ್ಲಿ ಮಾತು ಬರಲೇಬಾರದು ಅಂತಲ್ಲ, ಜಾಸ್ತಿಯೇ ಬರಬೇಕು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೊ, ತಾವು ಈ ಹೆಸರು ಆರಿಸಿಕೊಂಡದ್ದಕ್ಕೆ ಎಐಯನ್ನೂ ಒಂದು ಕಾರಣವಾಗಿ ಹೇಳಿದರು. ಕಾರ್ಖಾನೆಗಳ ಕಾಲದಲ್ಲಿ, 1891ರಲ್ಲಿ, ಕಾರ್ಮಿಕರ ಪರವಾಗಿ ಸುತ್ತೋಲೆ ಬರೆದವರು 13ನೇ ಲಿಯೊ. ದುಡಿಮೆಗೆ, ಮನುಷ್ಯನ ಘನತೆಗೆ ಅಂಥದೇ ಸವಾಲು ಈಗ ಮತ್ತೆ ಬಂದಿದೆ ಎಂಬುದು ಹೊಸ ಪೋಪರ ಮಾತು. ನಾನು ಕ್ಯಾಥೊಲಿಕಳಲ್ಲ, ಆದರೂ ಇದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಹತ್ತಿರ ಸಂಡೇ ಸ್ಕೂಲ್ ಕಲಿತ ಮಕ್ಕಳು ಇವತ್ತು ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ, ಡೇಟಾ ಎಂಟ್ರಿ ಕೆಲಸಗಳಲ್ಲಿ ಇದ್ದಾರೆ. ರಜೆಗೆ ಬಂದಾಗ ಅವರು ಕೇಳುವುದು ಒಂದೇ, ‘ಟೀಚರ್, ನಮ್ಮ ಕೆಲಸ ಉಳಿಯುತ್ತಾ?’ ಅವರ ಈ ಭಯದ ಬಗ್ಗೆ ಒಂದೇ ಒಂದು ಪ್ರಸಂಗವನ್ನೂ ನಾನು ಕೇಳಿಲ್ಲ.

ಎಲ್ಲ ಪಂಗಡಗಳ ಬಿಷಪರಲ್ಲಿ, ಸಭಾ ಕಮಿಟಿಗಳಲ್ಲಿ ನನ್ನದೊಂದು ಕೋರಿಕೆ. ಎಐಯನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂದು ಬರೆದು ತಿಳಿಸಿ. ಬಳಸಿದಾಗ ಸಭೆಯ ಮುಂದೆ ಹೇಳಿ. ಸಭಾಪಾಲಕರ ಕೈಯಿಂದ ಆಫೀಸ್ ಕೆಲಸ ಬಿಡಿಸಿ. ಲೆಕ್ಕ ಬರೆಯಲು, ಬ್ಯಾಂಕಿಗೆ ಹೋಗಿಬರಲು ನಮ್ಮಂಥ ನಿವೃತ್ತರು ಪ್ರತಿ ಸಭೆಯಲ್ಲೂ ಇದ್ದೇವೆ. ಸಂಬಳವೂ ಬೇಡ.

– ಸಂಡೇ ಸ್ಕೂಲ್ ಶಿಕ್ಷಕಿ, ಮಂಗಳೂರು