ಬೃಂದಾವನಕ್ಕೆ ಡಿಸ್ನಿಲ್ಯಾಂಡ್ ಏಕೆ ಬೇಡ

ಮಾನ್ಯ ಸಂಪಾದಕರೇ,

ಕೆಆರ್‌ಎಸ್‌ನ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಅಭಿವೃದ್ಧಿಪಡಿಸುವ ಮಾತು 2018ರಿಂದಲೂ ಆಗಾಗ ಕೇಳಿಬರುತ್ತಿದೆ. ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆಯನ್ನು ರೈತ ಸಂಘಟನೆಗಳು ಎತ್ತಿವೆ. ಅದಕ್ಕೆ ಬಲ್ಲ ಎಂಜಿನಿಯರುಗಳು ಉತ್ತರಿಸಬೇಕು. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಇಂಥ ಮನರಂಜನಾ ಪಾರ್ಕಿಗೆ ಹೋಗಿಬರುವುದನ್ನು ಇಷ್ಟಪಡದವರನ್ನು ಹಳೇ ಕಾಲದವರು, ಜಿಪುಣರು, ಮಕ್ಕಳ ಸಂತೋಷ ಸಹಿಸದವರು ಎಂದು ತಳ್ಳಿಹಾಕುವುದು ರೂಢಿಯಾಗಿಬಿಟ್ಟಿದೆ. ನಮ್ಮ ಬೇಸರ ದುಡ್ಡಿನದಲ್ಲ, ವಯಸ್ಸಿನದೂ ಅಲ್ಲ. ಒಟ್ಟಿಗೆ ಹೊರಟ ಮನೆಮಂದಿಯನ್ನು ಈ ಜಾಗಗಳು ದಿನವಿಡೀ ಬೇರೆ ಬೇರೆ ಮಾಡಿ ಇಡುತ್ತವೆ ಎಂಬುದೇ ನಮ್ಮ ತಕರಾರು.

ಕಳೆದ ಬೇಸಿಗೆ ರಜೆಯಲ್ಲಿ ನಾವು ಹನ್ನೊಂದು ಜನ ಅಂಥದೊಂದು ಪಾರ್ಕಿಗೆ ಹೋಗಿದ್ದೆವು. ನನ್ನ ವಾರಗಿತ್ತಿ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಪುಳಿಯೋಗರೆ, ಮೊಸರನ್ನ ಕಲಸಿ ಸ್ಟೀಲ್ ಡಬ್ಬಿಗಳಿಗೆ ತುಂಬಿದ್ದಳು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಗೇಟಿನಲ್ಲೇ ಡಬ್ಬಿಗಳನ್ನು ತೆಗೆದಿರಿಸಿ ಕೈಗೊಂದು ಟೋಕನ್ ಕೊಟ್ಟರು. ಒಳಗೆ ಹೋದ ಕಾಲು ಗಂಟೆಯಲ್ಲಿ ನಾವು ನಾಲ್ಕು ಗುಂಪಾಗಿದ್ದೆವು. ಕಾಲೇಜು ಓದುವ ಹುಡುಗರು ಎತ್ತರದ ರೈಡುಗಳ ಕಡೆಗೆ ಓಡಿದರು. ಐದು ವರ್ಷದ ಮೊಮ್ಮಗ ಎತ್ತರ ಅಳೆಯುವ ಹಲಗೆಯ ಮುಂದೆ ತುದಿಗಾಲಲ್ಲಿ ನಿಂತು, ಆದರೂ ಗೆರೆ ಮುಟ್ಟದೆ, ಅಳುತ್ತಾ ತಾಯಿಯೊಂದಿಗೆ ಚಿಕ್ಕ ಮಕ್ಕಳ ಕೊಳಕ್ಕೆ ಹೋದ. ಎಪ್ಪತ್ತಾರು ವರ್ಷದ ನಮ್ಮ ಅತ್ತೆಯವರು ಲಾಕರುಗಳ ಪಕ್ಕದ ತಗಡಿನ ನೆರಳಿನಲ್ಲಿ ಎಲ್ಲರ ಚಪ್ಪಲಿ, ಒದ್ದೆ ಟವೆಲು, ಕನ್ನಡಕಗಳನ್ನು ಕಾಯುತ್ತಾ ಸಂಜೆಯವರೆಗೆ ಕುಳಿತಿದ್ದರು. ಅವರಿಗೂ ನಾವು ಟಿಕೆಟ್ ಕೊಂಡಿದ್ದೆವು.

ಉಳಿದವರು ಎರಡು ನಿಮಿಷದ ಆಟಕ್ಕಾಗಿ ಮುಕ್ಕಾಲು ಗಂಟೆ ಬಿಸಿಲಲ್ಲಿ ಸಾಲು ನಿಂತೆವು. ಪಕ್ಕದಲ್ಲೇ ಹೆಚ್ಚು ಹಣ ಕೊಟ್ಟವರದೊಂದು ಸಾಲಿತ್ತು. ಮಣಿಕಟ್ಟಿನ ಪಟ್ಟಿಯನ್ನು ತೋರಿಸಿದರೆ ಸಾಕು, ಅವರು ನೇರವಾಗಿ ಮುಂದಕ್ಕೆ. ಮಗಳ ಮಗಳು, ಎಂಟು ವರ್ಷದವಳು, "ಅಜ್ಜಿ, ನಾವು ಮೊದಲು ಬಂದಿದ್ದಲ್ವಾ?" ಎಂದು ಕೇಳಿದಳು. ಬಿಸಿಯೂಟಕ್ಕಾಗಲಿ ನೀರಿನ ನಲ್ಲಿಗಾಗಲಿ ಯಾರ ಮಗುವಾದರೂ ಸಾಲಿನಲ್ಲೇ ಬರಬೇಕೆಂದು ವರ್ಷಗಟ್ಟಲೆ ಶಾಲೆಯಲ್ಲಿ ಕಲಿಸಿದ ನನಗೆ ಅವಳಿಗೆ ಹೇಳಲು ಉತ್ತರ ಹೊಳೆಯಲಿಲ್ಲ.

ಎಲ್ಲರೂ ಮಾದರಿಯೆಂದು ತೋರಿಸುವ ಡಿಸ್ನಿ ಪಾರ್ಕುಗಳ ಕಥೆಯೂ ಇದೇ ದಾರಿಯಲ್ಲಿ ಸಾಗಿದೆ. ತನ್ನ ಇಬ್ಬರು ಹೆಣ್ಣುಮಕ್ಕಳು ತಿರುಗುವ ಕುದುರೆಯ ಮೇಲೆ ಆಡುತ್ತಿರುವಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕಾಯಿತು, ದೊಡ್ಡವರೂ ಮಕ್ಕಳೂ ಒಟ್ಟಿಗೆ ನಲಿಯುವ ಜಾಗವೊಂದಿರಬೇಕು ಎನಿಸಿತು ಎಂದು ವಾಲ್ಟ್ ಡಿಸ್ನಿಯವರೇ ಹೇಳಿಕೊಂಡಿದ್ದಾರೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಸ್ನಿಲ್ಯಾಂಡ್ ತೆರೆದದ್ದು ಆ ಆಸೆಯಿಂದ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಸಾಲು ತಪ್ಪಿಸುವ ಚೀಟಿ 1999ರಲ್ಲಿ ಬಂದಾಗ ಅದು ಎಲ್ಲರಿಗೂ ಉಚಿತವಾಗಿತ್ತು; 2021ರಲ್ಲಿ ಅದನ್ನು ಕೈಬಿಟ್ಟು ಹಣ ಕೊಟ್ಟು ಕೊಳ್ಳುವ ವ್ಯವಸ್ಥೆ ತಂದರು. ಅಲ್ಲಿ ಒಂದು ದಿನದ ಟಿಕೆಟ್ 2015ರಲ್ಲೇ ನೂರು ಡಾಲರ್ ದಾಟಿತ್ತು. ಮಾದರಿಯನ್ನು ತರುವಾಗ ಇದನ್ನೂ ಜೊತೆಗೇ ತರುತ್ತೇವೆ.

ಅಲೆಗಳ ಕೊಳದಲ್ಲಿ ಮಕ್ಕಳು ಕೇಕೆ ಹಾಕಿ ನಕ್ಕದ್ದನ್ನು ನಾನೂ ಕಂಡೆ. ಆ ನಗು ಸುಳ್ಳಲ್ಲ, ಬೇಕೆನ್ನುವವರು ಹೋಗಲಿ. ಆದರೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1932ರ ಹೊತ್ತಿಗೆ ಸಿದ್ಧವಾದ ಬೃಂದಾವನ ಬೇರೆಯೇ ಬಗೆಯ ಜಾಗ. ನನ್ನ ಚಿಕ್ಕಂದಿನಲ್ಲಿ ಮಂಡ್ಯದಿಂದ ಬಸ್ಸು ಹಿಡಿದು, ಬುತ್ತಿ ಕಟ್ಟಿಕೊಂಡು ಹೋಗಿ, ಹುಲ್ಲಿನ ಮೇಲೆ ಜಮಖಾನ ಹಾಸಿ ಉಂಡು, ದೀಪ ಹತ್ತುವುದನ್ನು ಕಾಯುತ್ತಾ ಕೂರುತ್ತಿದ್ದೆವು. ಅಲ್ಲೂ ಕಾಯುವುದಿತ್ತು, ಆದರೆ ಅಜ್ಜಿಯಿಂದ ಹಿಡಿದು ಕಂಕುಳ ಕೂಸಿನವರೆಗೆ ಎಲ್ಲರೂ ಒಂದೇ ಕಡೆ ಕಾಯುತ್ತಿದ್ದೆವು, ಕಾರಂಜಿಗೆ ಬಣ್ಣ ಬಂದ ಗಳಿಗೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಉದ್ಗಾರ.

ಅಂದು ಪಾರ್ಕಿನಿಂದ ಹೊರಬಂದಾಗ ಆರೂವರೆ. ಟೋಕನ್ ಕೊಟ್ಟು ಡಬ್ಬಿ ಬಿಡಿಸಿಕೊಂಡೆವು. ಮೊಸರನ್ನ ಹುಳಿ ಬಂದಿತ್ತು, ಪುಳಿಯೋಗರೆ ಚೆನ್ನಾಗಿತ್ತು. ವಾಹನ ನಿಲ್ಲಿಸುವ ಜಾಗದಲ್ಲೇ ಕಾರಿನ ಸುತ್ತ ನಿಂತು ಹನ್ನೊಂದು ಜನವೂ ತಿಂದೆವು. ಬೆಳಗ್ಗಿನಿಂದ ನಾವೆಲ್ಲ ಒಂದೆಡೆ ಸೇರಿದ್ದು ಆಗಲೇ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇಷ್ಟು. ಬೃಂದಾವನಕ್ಕೆ ಒಳ್ಳೆಯ ಶೌಚಾಲಯ, ಕುಡಿಯುವ ನೀರು, ವಯಸ್ಸಾದವರು ಇಳಿಯಲು ಅನುಕೂಲವಾದ ದಾರಿ, ಕೆಟ್ಟ ದೀಪಗಳ ದುರಸ್ತಿ ಎಲ್ಲವೂ ಬೇಕು, ಮೊದಲು ಅದಾಗಲಿ. ರೈಡುಗಳು, ಎರಡು ಬಗೆಯ ಸಾಲು, ಬುತ್ತಿ ತಡೆಯುವ ಗೇಟು ಅಲ್ಲಿಗೆ ಬೇಡ.

— ನಿವೃತ್ತ ಶಿಕ್ಷಕಿ, ಮಂಡ್ಯ